ಅವಿತುಕೊಂಡ ವೈರಸ್‌ಗೆ ಮದ್ದು ಯಾವಾಗ ಬರುತ್ತೆ, ಡಾಕ್ಟ್ರೇ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಎಚ್‌ಐವಿ ಬಗ್ಗೆ ಇವೆ. ಊರು ಬೇರೆ, ವಯಸ್ಸು ಬೇರೆ. ಆದರೆ ಸುತ್ತಿ ಬಳಸಿ ಎಲ್ಲರೂ ಕೇಳಿರುವುದು ಒಂದೇ. ಇದು ಪೂರ್ತಿ ವಾಸಿಯಾಗುವ ಕಾಲ ಬಂತಾ? ನಾನು ಹದಿನೈದು ವರ್ಷಕ್ಕೂ ಜಾಸ್ತಿ ಉತ್ತರ ಕರ್ನಾಟಕದಲ್ಲಿ ಎಚ್‌ಐವಿ ಇರುವವರಿಗೆ ಮಾತ್ರೆ ಕೊಡುವ ಒಂದು ಎಆರ್‌ಟಿ ಕೇಂದ್ರದಲ್ಲಿ ಕೆಲಸ ಮಾಡಿದವಳು. ಈ ಪ್ರಶ್ನೆ ಕಿವಿಗೆ ಬೀಳದ ದಿನವೇ ಇರಲಿಲ್ಲ. ಅದಕ್ಕೇ ಈ ತಿಂಗಳ ಅಂಕಣವನ್ನು ಪೂರ್ತಿ ಇದಕ್ಕೆ ಬಿಟ್ಟಿದ್ದೇನೆ. ಬರೆದವರ ಹೆಸರು, ಊರು ಹಾಕಿಲ್ಲ.

ಪ್ರಶ್ನೆ: ಮೇಡಂ, ನನಗೆ 43 ವರ್ಷ. ಬಾಗಲಕೋಟೆ ಜಿಲ್ಲೆಯವಳು. ಯಜಮಾನರು ತೀರಿಕೊಂಡಾಗ ನನಗೂ ಇದೆ ಅಂತ ಗೊತ್ತಾಯಿತು. ಹದಿನೈದು ವರ್ಷದಿಂದ ಮಾತ್ರೆ ತಗೋತಿದ್ದೇನೆ. ಎರಡು ಎಕರೆ ಕಬ್ಬು ಇದೆ, ನಾನೇ ನೋಡಿಕೊಳ್ಳುತ್ತೇನೆ. ನಾಲ್ಕು ವರ್ಷದಿಂದ, ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ಹೇಳುವ ವೈರಲ್ ಲೋಡ್ ರಿಪೋರ್ಟ್‌ನಲ್ಲಿ ‘ಟಿಎನ್‌ಡಿ’ ಅಂತಲೇ ಬರುತ್ತಿದೆ. ವೈರಸ್ ಸಿಗಲಿಲ್ಲ ಅಂತ ಅದರ ಅರ್ಥವಂತೆ. ಮೊನ್ನೆ ಮಗ ಮೊಬೈಲ್‌ನಲ್ಲಿ ಒಂದು ಸುದ್ದಿ ತೋರಿಸಿದ. ಅವಿತಿರುವ ಎಚ್‌ಐವಿಯನ್ನು ಹೊರಗೆ ತರುವ ಔಷಧ ಆಸ್ಟ್ರೇಲಿಯಾದಲ್ಲಿ ಸಿಕ್ಕಿದೆಯಂತೆ. ಸಿಗದೇ ಇರುವ ವೈರಸ್ ಎಲ್ಲಿ ಅವಿತಿರುತ್ತೆ? ಆ ಔಷಧ ನಮ್ಮ ಕೇಂದ್ರಕ್ಕೆ ಯಾವಾಗ ಬರುತ್ತೆ? ಎರಡು ತಿಂಗಳು ಮಾತ್ರೆ ಬಿಟ್ಟು ನೋಡಲಾ ಅಂತ ಕೇಳಿದ್ದಕ್ಕೆ ಕೌನ್ಸೆಲರ್ ತುಂಬಾ ಬೈದರು. ಯಾಕೆ?

ಉತ್ತರ: ತಂಗೀ, ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಮಾತ್ರೆ ಬಿಡಬೇಡಿ. ಎರಡು ತಿಂಗಳ ಮಾತು ಹಾಗಿರಲಿ, ಎರಡು ದಿನವೂ ಬೇಡ. ಕೌನ್ಸೆಲರ್ ಬೈದಿದ್ದು ನಿಮಗೇನಾದರೂ ಆದೀತು ಅನ್ನುವ ಹೆದರಿಕೆಯಿಂದ. ಆದರೆ ಬೈದರೆ ಸಾಲದು, ಕಾರಣ ಬಿಡಿಸಿ ಹೇಳಬೇಕು. ಹಾಗೆ ಹೇಳದೆ ನಾವೇ ಒಮ್ಮೆ ತಪ್ಪು ಮಾಡಿದ್ದೇವೆ.

2019ರ ಮಾತು. ನಮ್ಮ ಕೇಂದ್ರಕ್ಕೆ ಒಬ್ಬ ಲಾರಿ ಡ್ರೈವರ್ ಬರುತ್ತಿದ್ದರು. ದಾರಿಯಲ್ಲಿದ್ದರೂ ರಾತ್ರಿ ಒಂಬತ್ತಕ್ಕೆ ಮೊಬೈಲ್ ಅಲಾರಂ ಇಟ್ಟು ಮಾತ್ರೆ ನುಂಗುವ ಮನುಷ್ಯ. ಅವರಿಗೂ ನಿಮ್ಮ ಹಾಗೇ ಟಿಎನ್‌ಡಿ ಬಂತು. ಟಾರ್ಗೆಟ್ ನಾಟ್ ಡಿಟೆಕ್ಟೆಡ್. ನಾವೆಲ್ಲ ಖುಷಿಪಟ್ಟು ‘ಏನೂ ಇಲ್ಲ’ ಅಂದೆವು. ಅವರು ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಲೈಸೆನ್ಸ್ ಇಡುವ ಪ್ಲಾಸ್ಟಿಕ್ ಕವರ್‌ನೊಳಗೆ ಇಟ್ಟುಕೊಂಡರು. ಆಮೇಲೆ ಐದು ತಿಂಗಳು ಪತ್ತೆಯೇ ಇಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ಮತ್ತೆ ಬಂದಾಗ ಗುರುತು ಸಿಗಲಿಲ್ಲ. ಕೆಮ್ಮುತ್ತಾ ಒಳಗೆ ಬಂದರು. ಪ್ಯಾಂಟು ನಿಲ್ಲದೆ ಸೊಂಟಕ್ಕೆ ಹಗ್ಗ ಕಟ್ಟಿದ್ದರು. ಕೂತವರೇ ಆ ಚೀಟಿ ತೆಗೆದು ನನ್ನ ಮೇಜಿನ ಮೇಲೆ ಬಿಚ್ಚಿದರು. ಮಡಿಕೆ ಬಿದ್ದ ಕಡೆ ಅಕ್ಷರ ಅಳಿಸಿಹೋಗಿತ್ತು. ‘ಇದರಾಗ ಏನೂ ಇಲ್ಲಂತ ಬರದೈತಲ್ರಿ ಮೇಡಂ’ ಅಂದರು.

ರಕ್ತ ಕಳಿಸಿದೆವು. ವೈರಸ್ ಎಣಿಕೆ ಲಕ್ಷ ದಾಟಿತ್ತು. ಜೊತೆಗೆ ಟಿಬಿ. ಎರಡಕ್ಕೂ ಮಾತ್ರೆ ನುಂಗಿ, ತಿಂಗಳುಗಟ್ಟಲೆ ಒದ್ದಾಡಿ, ಕೊನೆಗೆ ಮತ್ತೆ ಸ್ಟೇರಿಂಗ್ ಹಿಡಿದರು. ಬದುಕಿದರು, ಅದೇ ದೊಡ್ಡದು. ಆ ಚೀಟಿ ಸುಳ್ಳು ಹೇಳಿರಲಿಲ್ಲ. ಅದು ಹೇಳುವುದು ಹರಿಯುವ ರಕ್ತದ ಸಮಾಚಾರ ಮಾತ್ರ. ಅವಿತು ಕೂತದ್ದು ಅದಕ್ಕೆ ಕಾಣುವುದಿಲ್ಲ. ಅದನ್ನು ಅವತ್ತು ನಾವು ಅವರಿಗೆ ಹೇಳಿರಲಿಲ್ಲ.

ಹಾಗಾದರೆ ಎಲ್ಲಿ ಅವಿತಿರುತ್ತದೆ? ಎಚ್‌ಐವಿ ಹೊಗುವುದು ಮುಖ್ಯವಾಗಿ ಸಿಡಿ4 ಅನ್ನುವ ಬಿಳಿ ರಕ್ತಕಣಗಳೊಳಗೆ. ಹೊಕ್ಕ ಮೇಲೆ ತನ್ನ ಬರಹವನ್ನು ನಮ್ಮ ಡಿಎನ್‌ಎ ನಡುವೆಯೇ ಸೇರಿಸಿ ಹೊಲಿದುಬಿಡುತ್ತದೆ. ಅಲ್ಲಿಂದ ಆ ಕಣವೇ ವೈರಸ್ ತಯಾರಿಸುವ ಕಾರ್ಖಾನೆ. ಅಂಥ ಕಣಗಳು ಹೆಚ್ಚಿನವು ಒಂದೆರಡು ದಿನದಲ್ಲಿ ಸಾಯುತ್ತವೆ. ಆದರೆ ಎಲ್ಲೋ ಕೆಲವು ಕಣಗಳು ವೈರಸ್ ಹೊಕ್ಕ ಹೊತ್ತಿಗೇ ತಮ್ಮ ಕೆಲಸ ಮುಗಿಸಿ ವಿಶ್ರಾಂತಿಗೆ ಹೊರಟಿರುತ್ತವೆ. ಇವು ನೆನಪಿನ ಕಣಗಳು. ಚಿಕ್ಕಂದಿನಲ್ಲಿ ದಡಾರ ಬಂದು ಹೋದವರಿಗೆ ಮತ್ತೆ ಬರುವುದಿಲ್ಲ ಅಲ್ವಾ? ಆ ನೆನಪನ್ನು ಕಾಯುವುದು ಇಂಥ ಕಣಗಳೇ. ಅದಕ್ಕೇ ಅವು ದಶಕಗಟ್ಟಲೆ ಬದುಕುತ್ತವೆ. ಕಣ ಮಲಗಿದರೆ ಅದರೊಳಗಿನ ವೈರಸ್ಸೂ ಮಲಗುತ್ತದೆ. ದುಗ್ಧಗ್ರಂಥಿಗಳಲ್ಲಿ, ಕರುಳಿನ ಗೋಡೆಯಲ್ಲಿ ಇಂಥವು ಜಾಸ್ತಿ.

ನೀವು ನುಂಗುವ ಮಾತ್ರೆ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ್ದು ಇರಬೇಕು. ಮೊದಲಿನ ಎರಡು ವೈರಸ್ ತನ್ನ ನಕಲು ಬರೆಯುವುದನ್ನು ತಡೆಯುತ್ತವೆ. ಮೂರನೆಯದು ಆ ನಕಲನ್ನು ಡಿಎನ್‌ಎಗೆ ಹೊಲಿಯುವ ಸೂಜಿಯನ್ನು ಹಿಡಿದುಕೊಳ್ಳುತ್ತದೆ. ಆದರೆ ಮಲಗಿದ ಕಣದೊಳಗೆ ಬರೆಯುವ ಕೆಲಸವೂ ಇಲ್ಲ, ಹೊಲಿಯುವ ಕೆಲಸವೂ ಇಲ್ಲ. ಅಲ್ಲಿ ಮಾತ್ರೆಗೆ ತಡೆಯಲು ಏನೂ ಸಿಗುವುದಿಲ್ಲ. ಮೈಯ ಕಾವಲಿನ ಕಣಗಳಿಗೂ ಅದರ ಗುರುತು ಹತ್ತುವುದಿಲ್ಲ.

ನಿಮ್ಮ ಕಬ್ಬಿನಲ್ಲಿ ಜೇಕು ಇದ್ದೇ ಇರುತ್ತದೆ. ಕೆಲವು ಕಡೆ ತುಂಗೆ, ಕೊನ್ನಾರಿ ಅನ್ನುತ್ತಾರೆ. ಮೇಲಿನ ಹುಲ್ಲು ಕಿತ್ತ ದಿನ ಹೊಲ ಎಷ್ಟು ಸ್ವಚ್ಛ ಕಾಣುತ್ತದೆ! ಕೆಳಗೆ ಗಡ್ಡೆ ಹಾಗೇ ಇರುತ್ತದೆ. ನೀರು ಹಾಯಿಸಿ ವಾರ ಕಳೆಯುವುದರೊಳಗೆ ಮತ್ತೆ ಹಸಿರು. ಟಿಎನ್‌ಡಿ ಅಂದರೆ ಮೇಲೆ ಹುಲ್ಲಿಲ್ಲ ಅಂತ. ಮಾತ್ರೆ ಬಿಟ್ಟರೆ ಹೆಚ್ಚಿನವರಲ್ಲಿ ಎರಡು ಮೂರು ವಾರಕ್ಕೇ ವೈರಸ್ ರಕ್ತದಲ್ಲಿ ತಲೆ ಎತ್ತುತ್ತದೆ.

ಇದು ಗೊತ್ತಾಗುವ ಮೊದಲು ವಿಜ್ಞಾನಿಗಳಿಗೂ ನಿಮ್ಮಷ್ಟೇ ಆಸೆ ಇತ್ತು. 1996ರಲ್ಲಿ ಮೂರು ಔಷಧ ಸೇರಿಸಿ ಕೊಡುವ ಚಿಕಿತ್ಸೆ ಬಂದಾಗ, ಎರಡು ಮೂರು ವರ್ಷ ಕೊಟ್ಟರೆ ವೈರಸ್ ಪೂರ್ತಿ ಹೋಗಬಹುದು ಅಂತ ನ್ಯೂಯಾರ್ಕ್‌ನ ಡೇವಿಡ್ ಹೋ ಅವರ ತಂಡ ಲೆಕ್ಕ ಹಾಕಿತ್ತು. ಮರುವರ್ಷವೇ, 1997ರಲ್ಲಿ, ಅಮೆರಿಕದ ಮೂರು ತಂಡಗಳು ಒಂದೇ ಸುದ್ದಿ ಹೇಳಿದವು. ರಕ್ತದಲ್ಲಿ ವೈರಸ್ ಕಾಣದವರ ಮಲಗಿದ ಕಣಗಳನ್ನು ತೆಗೆದು ಎಬ್ಬಿಸಿದರೆ ಜೀವಂತ ವೈರಸ್ ಹೊರಬರುತ್ತಿತ್ತು. ಅವರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನ ರಾಬರ್ಟ್ ಸಿಲಿಸಿಯಾನೊ ಒಬ್ಬರು. ಮಲಗಿದ ಸಿಡಿ4 ಕಣಗಳಲ್ಲಿ ಹತ್ತು ಲಕ್ಷಕ್ಕೆ ಒಂದರಷ್ಟು ಮಾತ್ರ ಇಂಥ ಜೀವಂತ ವೈರಸ್ ಇಟ್ಟುಕೊಂಡಿರುತ್ತದೆ. ಅಷ್ಟು ಕಡಿಮೆ. ಆದರೆ ಆ ಒಂದು ಸಾಕು. ಮಾತ್ರೆ ತಪ್ಪದೆ ತಗೊಂಡರೂ ಈ ದಾಸ್ತಾನು ಅರ್ಧಕ್ಕೆ ಇಳಿಯಲು 44 ತಿಂಗಳು ಬೇಕು ಅಂತ ಅವರ ತಂಡ ಅಳೆದು ನೋಡಿತು. ಪೂರ್ತಿ ಬರಿದಾಗಲು 70 ವರ್ಷದ ಮೇಲೆ. ಆ ಅಂಕಿಯನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ಬೆಳಗ್ಗೆ ಹೊರಗೆ ಬೆಂಚಿನ ಮೇಲೆ ಕೂತವರ ಮುಖ ಹೇಗೆ ನೋಡಲಿ ಅನ್ನಿಸಿತ್ತು.

ಈಗ ಔಷಧದ ಮಾತು. ಮುಂಗಾರಿನ ಮೊದಲ ಮಳೆ ಬಿದ್ದ ಕೂಡಲೇ ತಿಳಿದ ರೈತರು ಬಿತ್ತುವುದಿಲ್ಲ. ಕಳೆ ಮೊದಲು ಹುಟ್ಟಲಿ ಅಂತ ಕಾಯುತ್ತಾರೆ. ಹಸಿರು ಕಂಡ ಮೇಲೆ ಕುಂಟೆ ಹೊಡೆದು ಹರಗಿ, ಆಮೇಲೆ ಬಿತ್ತುತ್ತಾರೆ. ವಿಜ್ಞಾನಿಗಳ ಮೊದಲ ಉಪಾಯವೂ ಇದೇ. ಮಲಗಿದ ವೈರಸ್ಸನ್ನು ಬೇಕೆಂದೇ ಎಬ್ಬಿಸುವುದು. ಎದ್ದ ಮೇಲೆ ಆ ಕಣ ತಾನಾಗಿ ಸಾಯುತ್ತದೆ, ಇಲ್ಲವೇ ಮೈಯ ಕಾವಲಿನ ಕಣಗಳು ಕೊಲ್ಲುತ್ತವೆ. ಹೊಸ ಕಣಕ್ಕೆ ಹರಡದ ಹಾಗೆ ದಿನದ ಮಾತ್ರೆ ನೋಡಿಕೊಳ್ಳುತ್ತದೆ.

ಎಬ್ಬಿಸಲು ಏನು ಬಳಸಿದರು ಗೊತ್ತಾ? 2005ರಲ್ಲಿ ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್ ಮಾತ್ರೆ. ನಾಲ್ಕು ಜನರಿಗೆ ಕೊಟ್ಟು ಮೂವರಲ್ಲಿ ದಾಸ್ತಾನು ಇಳಿಯಿತು ಅಂದರು. ಜಗತ್ತೆಲ್ಲ ಸಂಭ್ರಮ. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಇಳಿಯಲಿಲ್ಲ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಕೂಡ ಕೊಟ್ಟು ನೋಡಿದರು. 2012ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಡೇವಿಡ್ ಮಾರ್ಗೋಲಿಸ್ ತಂಡ, ಒಂದು ಬಗೆಯ ಕ್ಯಾನ್ಸರ್‌ಗೆ ಕೊಡುವ ವೊರಿನೊಸ್ಟ್ಯಾಟ್ ಔಷಧವನ್ನು ಎಂಟು ಜನರಿಗೆ ಕೊಟ್ಟಿತು. ಮಲಗಿದ ಕಣಗಳಲ್ಲಿ, ವೈರಸ್ ಎದ್ದಾಗ ತಯಾರಾಗುವ ಅದರ ಆರ್‌ಎನ್‌ಎ ಸರಾಸರಿ 4.8 ಪಟ್ಟು ಏರಿತು. ಮನುಷ್ಯರ ಮೈಯಲ್ಲೇ ವೈರಸ್ಸನ್ನು ಎಬ್ಬಿಸಬಹುದು ಅಂತ ಸರಿಯಾಗಿ ತೋರಿಸಿದ್ದು ಅದೇ ಮೊದಲು. ಹಿಂದಿನಿಂದ ಡೆನ್ಮಾರ್ಕ್‌ನಲ್ಲಿ ಇದೇ ಜಾತಿಯ ಇನ್ನೆರಡು ಔಷಧಗಳ ಪರೀಕ್ಷೆ ಆಯಿತು. ಬ್ರಿಟನ್‌ನಲ್ಲಿ 60 ಜನರ ಪರೀಕ್ಷೆಯಲ್ಲಿ ಅರ್ಧ ಜನರಿಗೆ ಮಾತ್ರೆಯ ಜೊತೆ ವೊರಿನೊಸ್ಟ್ಯಾಟ್, ಲಸಿಕೆ ಎರಡನ್ನೂ ಕೊಟ್ಟು ನೋಡಿದರು. 2020ರಲ್ಲಿ ಫಲಿತಾಂಶ ಬಂತು. ಬರೀ ಮಾತ್ರೆ ತಗೊಂಡವರಿಗೂ ಇವರಿಗೂ ದಾಸ್ತಾನಿನಲ್ಲಿ ವ್ಯತ್ಯಾಸ ಕಾಣಲಿಲ್ಲ.

ಯಾಕೆ ಹೀಗೆ? ಜೇಕಿನ ಗಡ್ಡೆ ಎಲ್ಲವೂ ಒಂದೇ ನೀರಿಗೆ ಏಳುವುದಿಲ್ಲ. ಒಂದು ಚಿಗುರಿದರೆ ಪಕ್ಕದ್ದು ಮಲಗೇ ಇರುತ್ತದೆ. ಇಲ್ಲೂ ಅಷ್ಟೇ. ಎದ್ದದ್ದು ಸ್ವಲ್ಪ. ಎದ್ದ ಕಣವೂ ಸಾಯಲಿಲ್ಲ, ಅರ್ಧ ಕಣ್ಣು ಬಿಟ್ಟು ಮತ್ತೆ ಮಲಗಿತು. ಔಷಧದ ಪ್ರಮಾಣ ಏರಿಸೋಣ ಅಂದರೆ ಅವು ಕ್ಯಾನ್ಸರ್ ಔಷಧಗಳು. ಕಬ್ಬು ಬೆಳೆದು ನಿಂತಿರುವಾಗ ಹೊಲಕ್ಕೆಲ್ಲ ಕಳೆನಾಶಕ ಸುರಿದ ಹಾಗಾಗುತ್ತದೆ.

ನಿಮ್ಮ ಮಗ ತೋರಿಸಿದ ಸುದ್ದಿ ಸುಳ್ಳಲ್ಲ. ಮೆಲ್ಬೋರ್ನ್‌ನ ಡೋಹರ್ಟಿ ಇನ್‌ಸ್ಟಿಟ್ಯೂಟ್‌ನ ಕೆಲಸ ಅದು. 2025ರ ಮಧ್ಯದಲ್ಲಿ ಪ್ರಕಟವಾಯಿತು. ಕೊರೊನಾ ಕಾಲದಲ್ಲಿ ಎಂಆರ್‌ಎನ್‌ಎ ಲಸಿಕೆಯ ಮಾತು ಕೇಳಿದ್ದೀರಲ್ಲ. ಸಣ್ಣ ಕೊಬ್ಬಿನ ಗುಳ್ಳೆಯೊಳಗೆ ಒಂದು ಸಂದೇಶ ಇಟ್ಟು ಜೀವಕೋಶದೊಳಗೆ ಕಳಿಸುವ ವಿಧಾನ. ಮಲಗಿದ ಬಿಳಿ ಕಣಗಳು ಈ ಗುಳ್ಳೆಯನ್ನು ಒಳಗೆ ಬಿಟ್ಟುಕೊಳ್ಳುತ್ತಲೇ ಇರಲಿಲ್ಲ. ಇವರು ಬಿಟ್ಟುಕೊಳ್ಳುವಂಥ ಗುಳ್ಳೆ ತಯಾರಿಸಿದರು. ಅದಕ್ಕೆ ಎಲ್‌ಎನ್‌ಪಿ ಎಕ್ಸ್ ಅಂತ ಹೆಸರಿಟ್ಟಿದ್ದಾರೆ. ಒಳಗಿಟ್ಟ ಸಂದೇಶ ‘ಟ್ಯಾಟ್’ ಅನ್ನುವ ಪ್ರೋಟೀನಿನದು. ವೈರಸ್ ತಾನು ಏಳಲು ಬಳಸುವ ಸ್ವಂತ ಸ್ವಿಚ್ ಅದು. ಅಂದರೆ ವೈರಸ್‌ನ ಸ್ವಿಚ್ಚನ್ನೇ ಹಿಡಿದು ವೈರಸ್ಸನ್ನು ಎಬ್ಬಿಸಿದರು. ಹಿಂದಿನ ಔಷಧಗಳಿಗಿಂತ ಎಷ್ಟೋ ಚೆನ್ನಾಗಿ ಎದ್ದಿತು. ನಾನು ಈ ಕೆಲಸವನ್ನು ಮನಸಾರೆ ಮೆಚ್ಚುತ್ತೇನೆ.

ಆದರೆ ಇದೆಲ್ಲ ಆದದ್ದು ಎಚ್‌ಐವಿ ಇರುವವರು ಕೊಟ್ಟ ರಕ್ತದ ಕಣಗಳಲ್ಲಿ, ಪ್ರಯೋಗಶಾಲೆಯ ತಟ್ಟೆಯಲ್ಲಿ. ಮುಂದೆ ಪ್ರಾಣಿಗಳಲ್ಲಿ ನೋಡಬೇಕು. ಆಮೇಲೆ ಜನರಲ್ಲಿ ಸುರಕ್ಷಿತವಾ ಅಂತ ನೋಡಬೇಕು. ಎಬ್ಬಿಸಿದ ಕಣ ಸಾಯುತ್ತದಾ, ಅದಕ್ಕೆ ಜೊತೆಗೆ ಇನ್ನೊಂದು ಔಷಧ ಬೇಕಾ ಅನ್ನುವುದು ಬೇರೆಯೇ ಪ್ರಶ್ನೆ. ನಿಮ್ಮ ಕೇಂದ್ರಕ್ಕೆ ಬರಲು ವರ್ಷಗಳು ಬೇಕು. ಇಂಥ ತಿಂಗಳು ಬರುತ್ತದೆ ಅಂತ ತಾರೀಖು ಹೇಳುವವರನ್ನು ನಂಬಬೇಡಿ.

ಇನ್ನೊಂದು ದಾರಿಯೂ ಇದೆ. ಕಬ್ಬು ಕಡಿದ ಮೇಲೆ ರವದಿ ಸುಡದೆ ಸಾಲಿನ ನಡುವೆ ಹಾಸುತ್ತೀರಲ್ಲ, ಕಳೆ ಏಳದಿರಲಿ ಅಂತ. ಹಾಗೇ ವೈರಸ್ಸನ್ನು ಎಬ್ಬಿಸದೆ, ಇನ್ನೆಂದೂ ಏಳದ ಹಾಗೆ ಮುಚ್ಚಿಡುವ ಉಪಾಯ. ಅಮೆರಿಕದ ಫ್ಲಾರಿಡಾದಲ್ಲಿ ಸುಸಾನಾ ವಾಲೆಂಟೆ ತಂಡ ಇದರ ಹಿಂದೆ ಬಿದ್ದಿದೆ. ಸಮುದ್ರದ ಸ್ಪಂಜಿನಲ್ಲಿ ಸಿಕ್ಕ ಒಂದು ವಸ್ತುವಿನ ಮಾದರಿಯಲ್ಲಿ ತಯಾರಿಸಿದ ಔಷಧ ಅದೇ ಟ್ಯಾಟ್ ಸ್ವಿಚ್ಚನ್ನು ಆರಿಸುತ್ತದೆ. ಒಂದೇ ಸ್ವಿಚ್. ಮೆಲ್ಬೋರ್ನ್‌ನವರು ಹಾಕುತ್ತಾರೆ, ಫ್ಲಾರಿಡಾದವರು ಆರಿಸುತ್ತಾರೆ. ಯಾವುದು ಗೆಲ್ಲುತ್ತದೋ ಕಾದು ನೋಡಬೇಕು. ನನ್ನ ಒಲವು ಈ ಮುಚ್ಚಿಡುವ ದಾರಿಯ ಕಡೆಗೇ. ಅದಕ್ಕೊಂದು ಕಾರಣ ಇದೆ. ಮಾತ್ರೆಯೇ ಇಲ್ಲದೆ ವೈರಸ್ಸನ್ನು ಹದ್ದುಬಸ್ತಿನಲ್ಲಿಡುವ ಅಪರೂಪದ ಕೆಲವರಿದ್ದಾರೆ, ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಅಂಥ 64 ಜನರ ಕಣಗಳನ್ನು ಪರೀಕ್ಷಿಸಿದ ವರದಿ 2020ರಲ್ಲಿ ಬಂತು. ಅವರಲ್ಲಿ ಉಳಿದ ವೈರಸ್ ಡಿಎನ್‌ಎಯ ಬಂಜರು ಜಾಗಗಳಲ್ಲಿ, ಜೀನ್‌ಗಳು ಕೆಲಸ ಮಾಡದ ಕಡೆಗಳಲ್ಲಿ ಜಾಸ್ತಿ ಸಿಕ್ಕಿತು. ಏಳಬೇಕೆಂದರೂ ಏಳಲಾಗದ ನೆಲ. ಮೈ ತಾನೇ ಕಂಡುಕೊಂಡ ದಾರಿ ಅದು. ಔಷಧದಿಂದ ಅದನ್ನು ಮಾಡಲಾಗದೇ ಅನ್ನುವುದು ನನ್ನ ಆಸೆ.

ಅಲ್ಲಿಯವರೆಗೆ ನಿಮ್ಮ ರಾತ್ರಿಯ ಮಾತ್ರೆಯೇ ರವದಿ. ಅದನ್ನು ಸರಿಸಿ ನೋಡಬೇಡಿ ತಂಗೀ.

ಪ್ರಶ್ನೆ: ನನಗೆ 27, ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ. ಎಂಟು ತಿಂಗಳ ಹಿಂದೆ ಪಾಸಿಟಿವ್ ಅಂತ ಗೊತ್ತಾಯಿತು. ಮಾತ್ರೆ ಶುರುವಾಗಿದೆ. ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡವರು ವಾಸಿಯಾಗಿದ್ದಾರೆ ಅಂತ ಓದಿದೆ. ಸಾಲ ಮಾಡಿಯಾದರೂ ಮಾಡಿಸಿಕೊಳ್ಳಲು ನಾನು ರೆಡಿ. ಜೀನ್ ಎಡಿಟಿಂಗ್ ಆಗುತ್ತಾ? ನಮ್ಮ ಬೆಂಗಳೂರಿನಲ್ಲಿ ಈ ಬಗ್ಗೆ ಯಾರಾದರೂ ಸಂಶೋಧನೆ ಮಾಡುತ್ತಿದ್ದಾರಾ? ಪರೀಕ್ಷೆಗೆ ನಾನು ಸೇರಬಹುದಾ?

ಉತ್ತರ: ತಮ್ಮಾ, ಎಂಟು ತಿಂಗಳು ಅಂದರೆ ಗಾಯ ಇನ್ನೂ ಹಸಿ. ಏನಾದರೂ ಸರಿ, ಇವತ್ತೇ ತೊಲಗಲಿ ಅನ್ನಿಸುತ್ತದೆ. ಎಷ್ಟೋ ಹುಡುಗರು ನನ್ನ ಮುಂದೆ ಕೂತು ಇದೇ ಮಾತು ಹೇಳಿದ್ದಾರೆ.

ಕಸಿಯಿಂದ ವಾಸಿಯಾದವರು ಇದ್ದಾರೆ, ನಿಜ. ಮೊದಲನೆಯವರು ತಿಮೊಥಿ ರೇ ಬ್ರೌನ್. ಅವರಿಗೆ ರಕ್ತದ ಕ್ಯಾನ್ಸರ್ ಬಂದಿತ್ತು. 2007ರಲ್ಲಿ ಬರ್ಲಿನ್‌ನಲ್ಲಿ ಕಸಿ ಆಯಿತು. ಕಣದೊಳಗೆ ಹೋಗಲು ವೈರಸ್ ಬಳಸುವ ಸಿಸಿಆರ್5 ಅನ್ನುವ ಬಾಗಿಲು ಹುಟ್ಟಿನಿಂದಲೇ ಇಲ್ಲದ ದಾನಿಯನ್ನು ವೈದ್ಯರು ಹುಡುಕಿದ್ದರು. ಕ್ಯಾನ್ಸರ್ ಮರಳಿದ್ದರಿಂದ ಎರಡನೇ ಸಲವೂ ಕಸಿ ಮಾಡಬೇಕಾಯಿತು. ಬ್ರೌನ್ ಬಹಳ ಕಷ್ಟಪಟ್ಟರು. ಎಚ್‌ಐವಿ ಮತ್ತೆ ಬರಲಿಲ್ಲ. 2020ರಲ್ಲಿ ಅದೇ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಮೇಲೆ ಲಂಡನ್‌ನ ಆಡಂ ಕ್ಯಾಸ್ಟಿಲೆಹೊ, ಇನ್ನೂ ಕೆಲವರು. ಎಲ್ಲ ಸೇರಿದರೂ ಬೆರಳೆಣಿಕೆ. ಇವರೆಲ್ಲರಿಗೂ ಕಸಿ ಮಾಡಿದ್ದು ರಕ್ತದ ಗಂಭೀರ ಕಾಯಿಲೆಗೆ. ಕಸಿಯಲ್ಲೇ ಜೀವ ಹೋಗುವ ಅಪಾಯ ಸಣ್ಣದಲ್ಲ. ದಿನಕ್ಕೊಂದು ಮಾತ್ರೆಯಲ್ಲಿ ಆರೋಗ್ಯವಾಗಿರಬಲ್ಲ 27ರ ಹುಡುಗನಿಗೆ ಯಾವ ಒಳ್ಳೆಯ ವೈದ್ಯರೂ ಇದನ್ನು ಮಾಡುವುದಿಲ್ಲ. ಮಾಡುತ್ತೇನೆ ಅಂದವರ ಬಾಗಿಲಿಗೆ ಹೋಗಬೇಡಿ. ಸಾಲವಂತೂ ಬೇಡವೇ ಬೇಡ.

ಜೀನ್ ಎಡಿಟಿಂಗ್ ಅಂದರೆ ಡಿಎನ್‌ಎಯಲ್ಲಿ ಹೊಲಿದುಕೊಂಡ ವೈರಸ್ಸನ್ನು ಕತ್ತರಿಸಿ ತೆಗೆಯುವುದು. ಇಬಿಟಿ-101 ಅನ್ನುವ ಇಂಥ ಒಂದು ಚಿಕಿತ್ಸೆಯನ್ನು ಅಮೆರಿಕದಲ್ಲಿ ಕೆಲವರಿಗೆ ಕೊಟ್ಟು ನೋಡಿದರು. ದೊಡ್ಡ ತೊಂದರೆ ಆಗಲಿಲ್ಲ. ಆದರೆ ಮಾತ್ರೆ ನಿಲ್ಲಿಸಿದ ಮೂವರಲ್ಲೂ ವೈರಸ್ ಮರಳಿತು. ಒಬ್ಬರಲ್ಲಿ ಮಾತ್ರ ಅದು ತಡವಾಗಿ, ಮಾತ್ರೆ ನಿಲ್ಲಿಸಿ 16 ವಾರವಾದ ಮೇಲೆ ಬಂತು ಅಂತ 2024ರಲ್ಲಿ ಹೇಳಿದರು. ಆ 16 ವಾರವೂ ಒಂದು ಸುಳಿವೇ.

ಬೆಂಗಳೂರಿನ ಬಗ್ಗೆ ಕೇಳಿದ್ದು ನನಗೆ ತುಂಬಾ ಖುಷಿ ಆಯಿತು. ನಿಮ್ಮ ಊರಿನಲ್ಲೇ ಎರಡು ಕಡೆ ಈ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ಅಮಿತ್ ಸಿಂಗ್ ಅವರ ತಂಡ ಹೈಡ್ರೋಜನ್ ಸಲ್ಫೈಡ್ ಮೇಲೆ ಕೆಲಸ ಮಾಡಿ 2021ರಲ್ಲಿ ಪ್ರಕಟಿಸಿತು. ಕೊಳೆತ ಮೊಟ್ಟೆಯ ವಾಸನೆ ಕೊಡುವ ಅನಿಲ ಅದು. ನಮ್ಮ ಜೀವಕೋಶಗಳೂ ಅದನ್ನು ಚೂರು ಚೂರೇ ತಯಾರಿಸುತ್ತವೆ. ಅದು ಕಡಿಮೆಯಾದರೆ ಮಲಗಿದ ವೈರಸ್ ಏಳುತ್ತದೆ. ನಿಧಾನವಾಗಿ ಅದನ್ನು ಬಿಡುವ ವಸ್ತುವನ್ನು ಪ್ರಯೋಗಶಾಲೆಯಲ್ಲಿ ಕಣಗಳಿಗೆ ಕೊಟ್ಟಾಗ ವೈರಸ್ ಏಳುವುದು ತಗ್ಗಿತು. ಅದೇ ವರ್ಷ ಅಲ್ಲಿನ ಜಿ. ಮುಗೇಶ್ ಅವರ ಜೊತೆ ಸೇರಿ, ವೆನೇಡಿಯಂ ಪೆಂಟಾಕ್ಸೈಡ್‌ನ ಅತಿ ತೆಳು ಹಾಳೆಗಳಿಂದಲೂ ಹೀಗೇ ತಡೆಯಬಹುದು ಅಂತ ತೋರಿಸಿದರು. ಮುಚ್ಚಿಡುವ ದಾರಿ ಅಂತ ಮೇಲೆ ಬರೆದೆನಲ್ಲ, ಇವೆರಡೂ ಅದರದ್ದೇ.

ಇನ್ನೊಂದು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ಅಲ್ಲಿ ಉದಯಕುಮಾರ್ ರಂಗ ಅವರು ಅಧ್ಯಯನ ಮಾಡಿದ್ದು ಭಾರತದಲ್ಲಿ ಹೆಚ್ಚಾಗಿ ಇರುವ ‘ಸಿ’ ಉಪಜಾತಿಯ ವೈರಸ್ಸನ್ನು. ಟ್ಯಾಟ್ ಅಲ್ಲದೆ ವೈರಸ್‌ನ ಬರಹದಲ್ಲೇ ಇನ್ನೊಂದು ಸ್ವಿಚ್ ಇದೆ, ‘ಸಿ’ಯಲ್ಲಿ ಅದು ಕೊಂಚ ಬೇರೆ ಥರ. ಆ ಸ್ವಿಚ್ ಗಟ್ಟಿಯಾದಷ್ಟೂ ವೈರಸ್ ಬೇಗ ಮಲಗಿಬಿಡುತ್ತದೆ ಅಂತ ಅವರ ತಂಡ 2020ರಲ್ಲಿ ತೋರಿಸಿತು. ಇದು ಯಾಕೆ ಮುಖ್ಯ ಗೊತ್ತಾ? ಎಬ್ಬಿಸುವ ಔಷಧಗಳ ಪರೀಕ್ಷೆ ಬಹುಪಾಲು ಆಗಿರುವುದು ಅಮೆರಿಕ, ಯುರೋಪಿನ ‘ಬಿ’ ಉಪಜಾತಿಯ ಮೇಲೆ. ಆದರೆ ಜಗತ್ತಿನ ಎಚ್‌ಐವಿಯಲ್ಲಿ ಹತ್ತಿರ ಹತ್ತಿರ ಅರ್ಧ ಪಾಲು ‘ಸಿ’. ನಮ್ಮಲ್ಲಿ, ಆಫ್ರಿಕಾದ ದಕ್ಷಿಣದಲ್ಲಿ ಇರುವುದು ಅದೇ. ನಮ್ಮ ಜನರ ವೈರಸ್ ಮೇಲೆ ನೋಡದೆ ತಯಾರಾದ ಔಷಧ ನಮಗೆ ಎಷ್ಟು ಆದೀತು? ಈ ಸಂಶೋಧನೆಗೆ ಇನ್ನೂ ಹೆಚ್ಚು ದುಡ್ಡು, ಇನ್ನೂ ಹೆಚ್ಚು ಜನ ಬೇಕು. ಇದನ್ನು ನಾನು ಎಲ್ಲಿ ಮೈಕ್ ಕೊಟ್ಟರೂ ಹೇಳುತ್ತೇನೆ.

ಪರೀಕ್ಷೆಗೆ ಸೇರುವ ನಿಮ್ಮ ಮನಸ್ಸು ದೊಡ್ಡದು. ಬೆಂಗಳೂರಿನ ಈ ಕೆಲಸಗಳೆಲ್ಲ ಸದ್ಯ ಪ್ರಯೋಗಶಾಲೆಯವು. ಮುಂದೆ ನಮ್ಮಲ್ಲಿ ಜನರ ಮೇಲೆ ಪರೀಕ್ಷೆ ಶುರುವಾದರೆ ಅದು ಸಿಟಿಆರ್‌ಐ ಅನ್ನುವ ಸರ್ಕಾರಿ ನೋಂದಣಿಯಲ್ಲಿ ಇರಲೇಬೇಕು. ಯಾರು ಬೇಕಾದರೂ ಅಲ್ಲಿ ಹುಡುಕಬಹುದು. ಸೇರುವವರಿಂದ ದುಡ್ಡು ಕೇಳಿದರೆ ಅಲ್ಲೇ ಎದ್ದು ಬನ್ನಿ. ಕೆಲವು ಪರೀಕ್ಷೆಗಳಲ್ಲಿ ಮಾತ್ರೆ ನಿಲ್ಲಿಸಿ ನೋಡುತ್ತಾರೆ. ಆಗ ಪದೇ ಪದೇ ರಕ್ತ ನೋಡಿ, ವೈರಸ್ ಕಂಡ ಕೂಡಲೇ ಮತ್ತೆ ಶುರು ಮಾಡುತ್ತಾರೆ. ರೂಮಿನಲ್ಲಿ ಒಬ್ಬರೇ ಕೂತು ಮಾಡುವ ಪ್ರಯೋಗ ಅದಲ್ಲ.

ನೀವು ಕೇಳದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಮಾತ್ರೆ ತಪ್ಪದೆ ತಗೊಂಡು ವೈರಸ್ ಕಾಣದ ಮಟ್ಟಕ್ಕೆ ಇಳಿದು ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಅದು ಸಂಗಾತಿಗೆ ಹರಡುವುದಿಲ್ಲ. ಸಾವಿರಾರು ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿ ಕಂಡುಕೊಂಡ ಸತ್ಯ ಇದು. 27ರ ವಯಸ್ಸಿನಲ್ಲಿ ಇದನ್ನು ತಿಳಿದಿರುವುದು ಒಳ್ಳೆಯದು.

ಪ್ರಶ್ನೆ: ನಮ್ಮೂರಿಗೆ ಬಂದವರೊಬ್ಬರು ಒಂದು ಗಿಡದ ಪುಡಿ ಕೊಡುತ್ತಾರೆ. ಅವಿತ ವೈರಸ್ಸನ್ನು ಗಿಡದ ರಸ ಹೊರಗೆ ತರುತ್ತದೆ ಅಂತ ಅಮೆರಿಕದವರೇ ಹೇಳಿದ್ದಾರಂತೆ. ಮೂರು ತಿಂಗಳಿಗೆ ನಲವತ್ತು ಸಾವಿರ ಕೇಳುತ್ತಿದ್ದಾರೆ. ಇನ್ನೊಬ್ಬರು ಆರು ತಿಂಗಳಿಗೊಂದು ಇಂಜೆಕ್ಷನ್ ಬಂದಿದೆ, ಅದರಲ್ಲೇ ವಾಸಿ ಅನ್ನುತ್ತಾರೆ. ಯಾವುದು ನಿಜ?

ಉತ್ತರ: ಅಣ್ಣಾ, ನಲವತ್ತು ಸಾವಿರ ಕೊಡಬೇಡಿ. ಇಂಥ ಸುಳ್ಳಿನೊಳಗೆ ಒಂದು ಚೂರು ನಿಜ ಇರುತ್ತದೆ, ಅದಕ್ಕೇ ಜನ ನಂಬುತ್ತಾರೆ. ಪೆಸಿಫಿಕ್ ಸಾಗರದ ಸಮೋವಾ ದ್ವೀಪದಲ್ಲಿ ಮಮಾಲಾ ಅನ್ನುವ ಮರ ಇದೆ. ಅಲ್ಲಿನ ನಾಟಿ ವೈದ್ಯೆಯರು ಅದನ್ನು ಕಾಮಾಲೆಗೆ ಕೊಡುತ್ತಿದ್ದರು. ಅದರಿಂದ ಬೇರ್ಪಡಿಸಿದ ಪ್ರೊಸ್ಟ್ರಾಟಿನ್ ಅನ್ನುವ ವಸ್ತು ಮಲಗಿದ ವೈರಸ್ಸನ್ನು ಪ್ರಯೋಗಶಾಲೆಯಲ್ಲಿ ಎಬ್ಬಿಸುತ್ತದೆ. ಅದು ಇವತ್ತಿಗೂ ಔಷಧವಾಗಿ ಬಂದಿಲ್ಲ. ನಮ್ಮ ಕಳ್ಳಿ, ಔಡಲ ಇವೆಲ್ಲ ಅದೇ ಕುಟುಂಬದ ಗಿಡಗಳು. ಕಳ್ಳಿ ಹಾಲು ಕಣ್ಣಿಗೆ ಬಿದ್ದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಆ ಪುಡಿಯಲ್ಲಿ ಏನಿದೆಯೋ ಯಾರಿಗೂ ಗೊತ್ತಿಲ್ಲ. ಅದಕ್ಕಿಂತ ನನ್ನ ಭಯ, ಪುಡಿ ಶುರು ಮಾಡಿದವರು ಮಾತ್ರೆ ಬಿಡುತ್ತಾರೆ.

ಇಂಜೆಕ್ಷನ್ ಹೆಸರು ಲೆನಕಾಪವಿರ್. ಅದು ನಿಜವಾದ, ದೊಡ್ಡ ಸಾಧನೆ. 2025ರ ಜೂನ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಎಚ್‌ಐವಿ ಇಲ್ಲದವರಿಗೆ ಬಾರದ ಹಾಗೆ ತಡೆಯಲು. ಬೇರೆ ಔಷಧ ನಾಟದೆ ಹೋದ ಕೆಲವರ ಚಿಕಿತ್ಸೆಗೂ ಬಳಸುತ್ತಾರೆ. ಅವಿತ ವೈರಸ್ಸನ್ನು ಅದು ತೆಗೆಯುವುದಿಲ್ಲ. ಏನೇ ಸಂಶಯ ಬಂದರೂ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಹೆಸರೂ ಹೇಳಬೇಕಿಲ್ಲ.

ಪ್ರಶ್ನೆ: ನಾನು 68ರ ಮುದುಕ. ಮಗ, ಸೊಸೆ ಇಬ್ಬರೂ ಇಲ್ಲ. ಒಂಬತ್ತು ವರ್ಷದ ಮೊಮ್ಮಗನಿಗೆ ಹುಟ್ಟಿನಿಂದ ಈ ಕಾಯಿಲೆ. ಅಮೆರಿಕದಲ್ಲಿ ಒಂದು ಮಗುವಿಗೆ ಬೇಗ ಔಷಧ ಕೊಟ್ಟು ವಾಸಿ ಮಾಡಿದರು ಅಂತ ಯಾರೋ ಹೇಳಿದರು. ಅವನಿಗೂ ಆಗಬಹುದಿತ್ತಾ? ನಾವು ತಡ ಮಾಡಿದೆವಾ? ಅವನು ‘ತಾತಾ, ಯಾವಾಗ ಮಾತ್ರೆ ನಿಲ್ಲುತ್ತೆ’ ಅಂತ ಕೇಳುತ್ತಾನೆ. ಏನು ಹೇಳಲಿ?

ಉತ್ತರ: ಹಿರಿಯರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ತಡ ಮಾಡಿದಿರಿ ಅನ್ನುವ ಭಾರ ಇವತ್ತೇ ಇಳಿಸಿಬಿಡಿ.

ಆ ಮಗು ಹುಟ್ಟಿದ್ದು 2010ರಲ್ಲಿ, ಮಿಸಿಸಿಪ್ಪಿಯಲ್ಲಿ. ಹುಟ್ಟಿ ಸುಮಾರು 30 ಗಂಟೆಗೆ ಮೂರು ಔಷಧ ಶುರುವಾಯಿತು. ಒಂದೂವರೆ ವರ್ಷವಾದಾಗ ತಾಯಿ ಮಗುವನ್ನು ಆಸ್ಪತ್ರೆಗೆ ಕರೆತರುವುದು ನಿಂತಿತು, ಔಷಧವೂ ನಿಂತಿತು. ತಿಂಗಳುಗಳ ನಂತರ ಮತ್ತೆ ಬಂದಾಗ ರಕ್ತದಲ್ಲಿ ವೈರಸ್ ಇರಲಿಲ್ಲ. 2013ರಲ್ಲಿ ಈ ಸುದ್ದಿ ಬಂದ ದಿನ ನಮ್ಮ ಕೇಂದ್ರದ ಸಿಸ್ಟರ್ ಒಬ್ಬರು ಪೇಪರ್ ಹಿಡಿದುಕೊಂಡು ಓಡಿ ಬಂದಿದ್ದರು. ನಮ್ಮಲ್ಲಿ ಆಗ ಎಷ್ಟೊಂದು ಮಕ್ಕಳಿದ್ದವು. ಎಲ್ಲರ ಕಣ್ಣಲ್ಲೂ ನೀರು. ಆದರೆ ಔಷಧವಿಲ್ಲದೆ 27 ತಿಂಗಳು ಸುಮ್ಮನಿದ್ದ ವೈರಸ್ 2014ರ ಜುಲೈನಲ್ಲಿ ಮತ್ತೆ ಕಾಣಿಸಿಕೊಂಡಿತು. ಅಷ್ಟು ಬೇಗ ಔಷಧ ಕೊಟ್ಟರೂ ಎಲ್ಲೋ ಕೆಲವು ಕಣಗಳಲ್ಲಿ ಅದು ಅವಿತಿತ್ತು. ಮಗುವಿಗೆ ಮತ್ತೆ ಮಾತ್ರೆ ಶುರು ಮಾಡಿದರು. ಹಾಗಾಗಿ ನಿಮ್ಮ ಮೊಮ್ಮಗನ ಕೈತಪ್ಪಿದ್ದು ಏನೂ ಇಲ್ಲ.

ಅವನಿಗೆ ಏನು ಹೇಳುವುದು? ನಿಜವನ್ನೇ ಹೇಳಿ, ಅವನ ವಯಸ್ಸಿಗೆ ಆಗುವಷ್ಟು. ನಾನು ಮಕ್ಕಳಿಗೆ ಹೀಗೆ ಹೇಳುತ್ತಿದ್ದೆ. ‘ನಿನ್ನ ಮೈಯೊಳಗೆ ಒಂದು ಹುಳ ಮಲಗಿದೆ. ಮಾತ್ರೆ ನುಂಗಿದರೆ ಅದು ಮಲಗೇ ಇರುತ್ತೆ. ಅದನ್ನು ಪೂರ್ತಿ ಓಡಿಸೋದು ಹೇಗೆ ಅಂತ ಬಹಳ ಜನ ದೊಡ್ಡವರು ಕೆಲಸ ಮಾಡ್ತಿದ್ದಾರೆ. ಅವರದ್ದು ಇನ್ನೂ ಮುಗಿದಿಲ್ಲ.’ ಯಾವಾಗ ನಿಲ್ಲುತ್ತೆ ಅಂತ ಕೇಳಿದರೆ ‘ಈಗ ಇಲ್ಲ ಕಂದಾ’ ಅಂತಲೇ ಹೇಳಿ. ಮುಂದಿನ ವರ್ಷ ಅಂತ ಸುಮ್ನೆ ಹೇಳಬೇಡಿ, ಮಕ್ಕಳು ಲೆಕ್ಕ ಇಡುತ್ತಾರೆ. ಕಾಯಿಲೆಯ ಹೆಸರನ್ನು ಯಾವಾಗ, ಹೇಗೆ ಹೇಳಬೇಕು ಅಂತ ಕೇಂದ್ರದ ಕೌನ್ಸೆಲರ್ ಜೊತೆ ಕೂತು ಮಾತಾಡಿ. ಹತ್ತು ಹನ್ನೆರಡರ ಹೊತ್ತಿಗೆ ಅವನಿಗೆ ಮನೆಯವರಿಂದಲೇ ಗೊತ್ತಾಗುವುದು ಒಳ್ಳೆಯದು. ಶಾಲೆಯಲ್ಲಿ ಹೇಳಲೇಬೇಕು ಅಂತೇನಿಲ್ಲ. ಎಚ್‌ಐವಿ ಇದೆ ಅಂತ ಮಗುವನ್ನು ಶಾಲೆಯಿಂದ ಹೊರಗಿಡುವುದು 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ತಪ್ಪು.

ಇನ್ನೊಂದು ವಿಷಯ. ಒಂಬತ್ತು ವರ್ಷದ ಹುಡುಗರು ಸರಸರ ಬೆಳೆಯುತ್ತಾರೆ. ಮಕ್ಕಳ ಔಷಧದ ಪ್ರಮಾಣ ತೂಕದ ಮೇಲೆ. ಮುಂದಿನ ಸಲ ಮಾತ್ರೆ ತರಲು ಹೋದಾಗ ಅವನನ್ನೂ ಕರೆದುಕೊಂಡು ಹೋಗಿ, ತೂಕ ಹಾಕಿಸಿ, ಡೋಸ್ ಬದಲಾಯಿಸಬೇಕಾ ಅಂತ ಕೇಳಿ. ವೈರಲ್ ಲೋಡ್ ಕೊನೆಯ ಸಲ ಯಾವಾಗ ನೋಡಿದ್ದು ಅಂತ ಪುಸ್ತಕದಲ್ಲಿ ಬರೆದಿರುತ್ತಾರೆ. ವರ್ಷ ದಾಟಿದ್ದರೆ ಅವತ್ತೇ ರಕ್ತ ಕೊಡಿಸಿ ಬನ್ನಿ.